ನೂರಕ್ಕ ಮೂರು

ನಾವು ಲೆಕ್ಕದ ಮಾಸ್ತರರು. ಕಕ್ಕೇರಾ ಸುತ್ತಿನ ಸಾಲಿಗಳಲ್ಲಿ ಗಣಿತ ಹೇಳುವ ನಾಲ್ಕು ಮಂದಿ ಸೇರಿ ಇದನ್ನು ಬರೆಯುತ್ತಿದ್ದೇವೆ. ನಾಲ್ವರೂ ಕೇರಿಯಿಂದ ಬಂದವರು. ನಾಲ್ವರ ಅಪ್ಪಂದಿರೂ ಹೆಬ್ಬೆಟ್ಟಿನವರು. ಕವಿತೆ ಬರೆದವರಲ್ಲ, ವೇದಿಕೆ ಹತ್ತಿದವರಲ್ಲ. ಇಂಥ ಪತ್ರಿಕೆಗಳಲ್ಲಿ ಕಥೆ ಕಾವ್ಯದ ಮೇಲೆ ನಡೆದ ಜಗಳಗಳನ್ನು ಓದಿಕೊಂಡು ಸುಮ್ಮನಿದ್ದವರು. ಈಗ ಬಾಯಿ ಬಿಡಬೇಕಾಗಿದೆ, ಅದೂ ಗಣಿತದ ಸಲುವಾಗಿ.

ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಗಣಿತ ಶಿಕ್ಷಕರ ಸಮಾಲೋಚನಾ ಸಭೆ ಅಂತ ಸೇರುತ್ತೇವೆ. ಹುಣಸಗಿ ಕಡೆಯಿಂದ, ಕೊಡೇಕಲ್ ಕಡೆಯಿಂದ, ದೇವಾಪುರ, ತಿಂಥಣಿ ಕಡೆಯಿಂದ ಮಾಸ್ತರರು ಬಸ್ಸು ಹಿಡಿದೋ ಮೋಟಾರ್ ಸೈಕಲ್ಲಿನ ಮೇಲೋ ಬರುತ್ತಾರೆ. ರಿಜಿಸ್ಟರಿನಲ್ಲಿ ಸಹಿ. ಒಂದು ಚಹಾ. ಸುತ್ತೋಲೆ ಓದುವುದು. ವಿಷಯ ಪ್ರತಿಸಲವೂ ಒಂದೇ: ಗಣಿತದಲ್ಲಿ ಫಲಿತಾಂಶ ಹೆಚ್ಚಿಸುವುದು ಹೇಗೆ. ಕಕ್ಕೇರಾ ಈಗ ಹೆಸರಿಗೆ ಪುರಸಭೆ. ಆದರೆ ಇದು ದೊಡ್ಡಿಗಳ ಊರು. ಕುರಿ ದನ ಕಟ್ಟಿಕೊಂಡು ಹೊಲದಲ್ಲೇ ನಿಂತ ಮನೆಗಳು, ಆ ಮನೆಗಳಿಂದ ಕಾಲುದಾರಿ ಹಿಡಿದು ಸಾಲಿಗೆ ಬರುವ ಮಕ್ಕಳು. ಹತ್ತಿ ಬಿಡಿಸುವ ಕಾಲಕ್ಕೆ, ಮೆಣಸಿನಕಾಯಿ ಹರಿಯುವ ಕಾಲಕ್ಕೆ ಅರ್ಧ ಬೆಂಚು ಖಾಲಿ. ಹಬ್ಬ ಮುಗಿಯುತ್ತಲೂ ಅವ್ವ ಅಪ್ಪನ ಸಂಗಡ ಬೆಂಗಳೂರಿಗೆ ಗುಳೆ ಹೋದ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ಒಂದು ಸಭೆಯಲ್ಲಿ ಹಿರಿಯ ಮಾಸ್ತರರೊಬ್ಬರು ಎದ್ದು ಹೇಳಿದರು: "ನಾ ಹೇಳ್ತೀನ್ರಿ, ಈ ದೊಡ್ಡಿ ಹುಡ್ರ ತಲಿಗಿ ಲೆಕ್ಕ ಹತ್ತಂಗಿಲ್ಲ. ಕನ್ನಡ ಬಾಯಿಪಾಠ ಮಾಡ್ಯಾರು, ಸಮಾಜ ಬಾಯಿಪಾಠ ಮಾಡ್ಯಾರು. ಗಣಿತಕ್ಕ ತಲಿ ಬೇಕ್ರಿ. ಅದು ಹಿಂದಿನಿಂದ ಬರಬೇಕು."

ಮಂದಿ ನಕ್ಕರು. ಇಲ್ಲಿ ಸುಳ್ಳು ಬರೆಯಬಾರದು: ನಾವೂ ನಕ್ಕೆವು. ಹಿಂದಿನಿಂದ ಬರಬೇಕು ಅಂದರೆ ಏನು, ಯಾರ ಹಿಂದಿನಿಂದ, ಅದು ತಿಳಿಯದವರೇನಲ್ಲ ನಾವು. ಆದರೂ ಹಲ್ಲು ಬಿಟ್ಟೆವು. ಡಿಗ್ರಿ, ಬಿ.ಎಡ್., ನೌಕರಿ, ಪಗಾರ ಇಷ್ಟೆಲ್ಲ ಆದ ಮೇಲೂ ದೊಡ್ಡವರು ನಕ್ಕಾಗ ನಗುವ ಚಾಳಿ ನಮ್ಮ ಮುಖದಿಂದ ಹೋಗಿಲ್ಲ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತಿದ್ದೆವು. ಈ ಬರಹ ಅಲ್ಲಿಂದಲೇ ಶುರುವಾದದ್ದು.

ಮೊದಲು ಫಲಿತಾಂಶದ ಮಾತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲಿ ಎಲ್ಲಕ್ಕಿಂತ ಕೆಳಗೆ. 2023ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆಗೆ ಶೇ 75.49 ಬಂತು, ಆಗಲೂ ರಾಜ್ಯಕ್ಕೆ ಕೊನೆ. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು, ವೆಬ್ ಕಾಸ್ಟಿಂಗ್ ಬಂತು, ಶೇ 50.59ಕ್ಕೆ ಇಳಿಯಿತು, ಮತ್ತೆ ಕೊನೆ. ಒಂದೇ ವರ್ಷದಲ್ಲಿ ಮಕ್ಕಳ ತಲೆ ಕೆಟ್ಟಿತೇನು? ಮಕ್ಕಳು ಅವರೇ, ಮಾಸ್ತರರು ನಾವೇ. ಮೊದಲಿನ 75ರೊಳಗೆ ಎಷ್ಟು ಕಲಿಕೆ, ಎಷ್ಟು ಚೀಟಿ ಎಂಬುದನ್ನು ಸಭೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದರೆ ಮಕ್ಕಳಿಗಿಂತ ಮೊದಲು ನಾವು ಫೇಲಾಗುತ್ತೇವೆ.

ಕೇಳುವ ಬದಲು ಪಾಸಿಂಗ್ ಪ್ಯಾಕೇಜ್ ಮಾಡಿದೆವು. 80 ಅಂಕದ ಪ್ರಶ್ನೆಪತ್ರಿಕೆಯಲ್ಲಿ ಆಗ ಬೇಕಿದ್ದ 28 ದಾಟಿಸುವ ಉಪಾಯ. ಒಂದು ಪ್ರಮೇಯ ಬಾಯಿಪಾಠ, ಒಂದು ನಕ್ಷೆ, ಒಂದು ರಚನೆ, ಸರಾಸರಿಯ ಒಂದು ಲೆಕ್ಕ. ಮಗು ಬೇಲ್ಸನ ಪ್ರಮೇಯ ಒಪ್ಪಿಸುತ್ತದೆ, ತ್ರಿಭುಜ ಯಾಕೆ ಬಂತು ಅಂದರೆ ಗೊತ್ತಿಲ್ಲ. (ಥೇಲ್ಸ್ ಎಂಬುದು ನಮ್ಮ ಮಕ್ಕಳ ಬಾಯಲ್ಲಿ ಬೇಲ್ಸ ಆಗಿದೆ, ನಾವೂ ತಿದ್ದಿಲ್ಲ.) ನೀರು ಕುಡಿಯಲು ಹೋದವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರಲ್ಲ, ಈ ಪ್ಯಾಕೇಜೂ ಅದೇ ತರಹದ್ದು. ಕೊಡಪಾನ ಮುಟ್ಟಗೊಡುವುದಿಲ್ಲ.

ಹಾಗೆಂದು ಸಭೆಗಳೆಲ್ಲ ಸುಳ್ಳು ಎನ್ನುವಂತಿಲ್ಲ. 2000ದ ದಶಕದ ಮಧ್ಯದಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಸುರಪುರ ಸೀಮೆಯ ಸಾಲಿಗಳ ಜೊತೆ ಕೆಲಸ ಮಾಡಿದರು. 2011ರ ಸುಮಾರಿಗೆ ಪ್ರೌಢಶಾಲೆಯ ಗಣಿತ, ವಿಜ್ಞಾನದವರಿಗೆಂದು ವಿಷಯ ಶಿಕ್ಷಕರ ವೇದಿಕೆ ಬಂತು. ಕಂಪ್ಯೂಟರಿನ ಮೇಲೆ ತ್ರಿಭುಜವನ್ನು ಎಳೆದು ನೋಡುವುದನ್ನು ಅಲ್ಲಿ ಕಲಿತೆವು. ಗಣಿತ ಕಲಿಕಾ ಆಂದೋಲನ ಅಂತ ಪ್ರಾಥಮಿಕ ಸಾಲಿಗಳಿಗೆ ಮಣಿ, ಪಟ್ಟಿ, ಗಡಿಯಾರಗಳ ಪೆಟ್ಟಿಗೆ ಬಂತು. ಒಳ್ಳೆಯ ಪೆಟ್ಟಿಗೆ. ಕಳೆದುಹೋದರೆ ಯಾರು ಉತ್ತರ ಕೊಡಬೇಕು ಎಂಬ ಹೆದರಿಕೆಗೆ ನಮ್ಮಲ್ಲೊಬ್ಬರು ಅದನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದರು, ಎರಡು ವರ್ಷ. ಆದರೆ ಈ ಎಲ್ಲ ಕಡೆ ನಡೆದ ಮಾತು ಹೇಗೆ ಕಲಿಸಬೇಕು ಎಂಬುದು. ಈ ಲೆಕ್ಕ ಯಾರದು, ಇದನ್ನು ಬರೆದಿಟ್ಟವರು ಯಾರು, ಯಾರ ಹೆಸರಿಗೆ ಬಾಕಿ ಬಿದ್ದಿದೆ ಎಂಬ ಮಾತು ಬರಲಿಲ್ಲ. ನಾವೂ ಎತ್ತಲಿಲ್ಲ.

ಗೆಳೆಯರೆ, ಇಲ್ಲಿ ಚಳವಳಿಯ ಮೇಲೂ ನಮ್ಮದೊಂದು ದೂರಿದೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಊರೂರು ಹೊತ್ತಿಕೊಂಡಿತು. ಆಮೇಲೆ ದಲಿತ ಸಂಘರ್ಷ ಸಮಿತಿ ಬಂತು, 1979ರಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಬಂತು. ಕಾವ್ಯ ಯಾರದು, ಚರಿತ್ರೆ ಯಾರದು, ದೇವರು ಯಾರವನು ಎಂದು ಕೇಳಿದೆವು. ಗಣಿತವನ್ನು ಮಾತ್ರ ಮುಟ್ಟಲಿಲ್ಲ. ಎರಡು ಎರಡು ನಾಲ್ಕಕ್ಕೆ ಜಾತಿ ಎಲ್ಲಿಯದು ಎಂದು ಬಿಟ್ಟೆವು. ನಾಲ್ಕಕ್ಕೆ ಜಾತಿಯಿಲ್ಲ, ನಿಜ. ನಾಲ್ಕನ್ನು ಪುಸ್ತಕದಲ್ಲಿ ಐದು ಎಂದು ಬರೆಯುವ ಕೈಗೆ ಜಾತಿಯಿತ್ತು. ಊರ ಲೆಕ್ಕ ಬರೆಯುವುದು ನಮ್ಮಲ್ಲಿ ವಂಶದಿಂದ ಬಂದ ಕೆಲಸವಾಗಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಬರುವವರೆಗೆ ಕಾನೂನೇ ಅದನ್ನು ಕಾಯ್ದಿತ್ತು. ಹೊಲೆಯ ಮಾದಿಗ ಎಣಿಸಬೇಕಾದದ್ದು ಚೀಲ. ಬರೆಯುವವರು ಬೇರೆ.

ಇನ್ನು ನಮ್ಮ ಮನೆಯ ಲೆಕ್ಕ. ನಾಲ್ವರಲ್ಲಿ ಒಬ್ಬರ ಅಪ್ಪ ತಂಗಿಯ ಮದುವೆಗೆ ಒಬ್ಬ ಧಣಿಯ ಹತ್ತಿರ 600 ರೂಪಾಯಿ ತಂದ. ಬಡ್ಡಿ ನೂರಕ್ಕ ಮೂರು. ಅಂದರೆ ತಿಂಗಳಿಗೆ 18, ವರ್ಷಕ್ಕೆ 216. ಬಡ್ಡಿ ಕೊಡಲಾಗದ್ದಕ್ಕೆ ಜೀತಕ್ಕೆ ನಿಂತ. ಜೀತಪದ್ಧತಿ ರದ್ದಾದ ಕಾಯಿದೆ 1976ರದು; ಅಪ್ಪ ನಿಂತದ್ದು ಅದರ ನಂತರ. ಒಂಬತ್ತು ವರ್ಷ ಧಣಿಯ ಹೊಲದಲ್ಲಿ ದುಡಿದ. ವರ್ಷಕ್ಕೊಮ್ಮೆ ಯುಗಾದಿ ಪಾಡ್ಯದ ದಿನ ಪುಸ್ತಕ ತೆಗೆದು ಓದಿ ಹೇಳುತ್ತಿದ್ದರು: "ನಿನ್ನ ದುಡತ ಬಡ್ಡಿಗಿ ಸರಿ ಹೋತು ನೋಡಪ. ಅಸಲು ಹಂಗೇ ಅದ." ಅಪ್ಪ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಬಂದು ಅವ್ವನಿಗೆ, "ಅವರ ಪುಸ್ತಕದಾಗ ಅದರ ಪ್ರಕಾರನೇ ಅದ" ಅನ್ನುತ್ತಿದ್ದ. ಪುಸ್ತಕದಲ್ಲಿದ್ದುದು ಅವನಿಗೆ ದೇವರು ಬರೆದ ಹಾಗೆ.

ಬಿ.ಎಡ್. ಮುಗಿಸಿದ ಮೇಲೆ ನಮ್ಮ ಗೆಳೆಯ ಒಂದು ರಾತ್ರಿ ಆ ಲೆಕ್ಕ ಮಾಡಿದ. ದಿನದ ಕೂಲಿ ಬರೀ 3 ರೂಪಾಯಿ ಹಿಡಿದರೂ ವರ್ಷಕ್ಕೆ 1,095. ಧಣಿ ಹಾಕಿದ ರೊಟ್ಟಿ ಅಂಬಲಿಗೆಂದು ಅರ್ಧ ಮುರಿದುಕೊಳ್ಳಲಿ, 547 ಉಳಿಯಿತು. ಅದರಲ್ಲಿ ಬಡ್ಡಿ 216 ಹೋದರೆ ವರ್ಷಕ್ಕೆ 331 ಅಸಲಿಗೆ ಜಮಾ. ಎರಡು ವರ್ಷದೊಳಗೆ 600 ತೀರಿಹೋಗುತ್ತದೆ. ಉಳಿದ ಏಳು ವರ್ಷ ಯಾರ ಖಾತೆಗೆ? ಏಳನೆಯ ಇಯತ್ತೆಯ ಹುಡುಗ ಮಾಡಬಹುದಾದ ಲೆಕ್ಕ ಅದು. ಅದನ್ನು ಮಾಡುವ ಹೊತ್ತಿಗೆ ಅಪ್ಪ ಸತ್ತು ಆರು ವರ್ಷವಾಗಿತ್ತು.

ಇಷ್ಟಾದರೂ ಅವನು ಮಾಸ್ತರನಾಗಿ ಸಾಲಿಯಲ್ಲಿ ಬಡ್ಡಿಯ ಪಾಠ ಮಾಡಿದ್ದು ಪುಸ್ತಕದಲ್ಲಿದ್ದಂತೆಯೇ. ಒಬ್ಬನು ಬ್ಯಾಂಕಿನಲ್ಲಿ ಇಷ್ಟು ಇಟ್ಟನು, ಶೇಕಡಾ 5ರಂತೆ ಇಷ್ಟು ವರ್ಷಕ್ಕೆ ಎಷ್ಟಾಯಿತು. ಇಡುವವನ ಲೆಕ್ಕ! ತರುವವನದಲ್ಲ. ಒಂದು ದಿನ ಕರಿಹಲಗೆಯ ಮೇಲೆ ಸುಮ್ಮನೆ ಬರೆದ: ನೂರಕ್ಕ ಮೂರು ಅಂದರೆ ಶೇಕಡಾ ಎಷ್ಟು? ಮುಂದಿನ ಬೆಂಚಿನವರು ಮೂರು ಎಂದರು. ಹತ್ತಿ ಬಿಡಿಸಲು ಹೋಗಿ ಹದಿನೈದು ದಿನದ ಮೇಲೆ ಸಾಲಿಗೆ ಬಂದಿದ್ದ ಹುಡುಗಿ ಹಿಂದಿನಿಂದ ಹೇಳಿತು: "ಅಲ್ರೀ ಸರ, ತಿಂಗಳಿಗಿ ಮೂರು. ವರ್ಷಕ್ಕ ಮೂವತ್ತಾರು ಆತದ." ಆಮೇಲೆ ಕೇಳಿತು: "ಪುಸ್ತಕದಾಗ ಐದಕ್ಕ ಕೊಡ್ತಾರಲ್ರೀ, ಆ ಊರು ಎಲ್ಲಿ ಅದರಿ?"

ಆ ಹುಡುಗಿ ಅರ್ಧವಾರ್ಷಿಕದಲ್ಲಿ ಗಣಿತದಲ್ಲಿ ಫೇಲಾಗಿತ್ತು. ಹತ್ತಿ ಕಿಲೋಕ್ಕೆ ಎಷ್ಟು, ದಿನಕ್ಕೆ ಎಷ್ಟು ಕಿಲೋ, ತೂಕದಲ್ಲಿ ಮುಕಾದಮ ಎಷ್ಟು ಹೊಡೆದ ಎಂಬುದನ್ನು ಬಾಯಲ್ಲೇ ಹೇಳುತ್ತಿತ್ತು. ಕಾಗದದ ಮೇಲೆ ಸೂತ್ರ ಬರೆಯಲು ಬರುತ್ತಿರಲಿಲ್ಲ. ಇಂಥ ತಲೆಗೇ ಲೆಕ್ಕ ಹತ್ತುವುದಿಲ್ಲ ಎಂದು ಸಭೆಯಲ್ಲಿ ನಕ್ಕದ್ದು.

ಅವಳ ಅವ್ವ ಬಿಸಿಯೂಟದ ಅಡುಗೆಯವರು. 2002ರಲ್ಲಿ ಬಿಸಿಯೂಟ ಮೊದಲು ಹತ್ತಿದ್ದು ನಮ್ಮ ಗುಲ್ಬರ್ಗಾ ಕಡೆಯ ಜಿಲ್ಲೆಗಳಲ್ಲೇ, ಆಗ ಯಾದಗಿರಿ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಸಭೆ ಇದ್ದ ದಿನ ಮಾಸ್ತರರಿಗೂ ಅದೇ ಒಲೆಯ ಅನ್ನ ಸಾರು. ಕೇರಿಯ ಅಕ್ಕ ಅಡುಗೆ ಮಾಡಿದ ದಿನ ಕೆಲವರು ಶುಗರ್ ಅನ್ನುತ್ತಾರೆ, ಕೆಲವರು ವಾರ ಅನ್ನುತ್ತಾರೆ, ಮನೆಯಿಂದ ತಂದ ಬುತ್ತಿ ಬಿಚ್ಚಿಕೊಂಡು ಬೇವಿನ ಗಿಡದ ಬುಡಕ್ಕೆ ಹೋಗುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಅನ್ನದೆ ಇರುವುದೇ ಈಗಿನ ಮರ್ಯಾದೆ.

ಬಾಬಾಸಾಹೇಬರ ಬಾಲ್ಯದ ಒಂದು ಪ್ರಸಂಗವನ್ನು ಧನಂಜಯ ಕೀರರು ಬರೆದ ಜೀವನಚರಿತ್ರೆಯಲ್ಲಿ ಓದಿದ್ದೇವೆ. ಮುಂಬೈಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮಾಸ್ತರರು ಹುಡುಗ ಭೀಮನನ್ನು ಕರಿಹಲಗೆಗೆ ಕರೆದರು, ಲೆಕ್ಕ ಬಿಡಿಸಲು. ಇಡೀ ವರ್ಗ ಗದ್ದಲ ಎಬ್ಬಿಸಿತು. ಸವರ್ಣ ಹುಡುಗರ ಬುತ್ತಿ ಡಬ್ಬಿಗಳು ಹಲಗೆಯ ಹಿಂದಿದ್ದವು, ಮೈಲಿಗೆಯಾಗುತ್ತದೆಂದು ಓಡಿ ಬಂದು ಅವನ್ನು ಬದಿಗೆ ಸರಿಸಿದರು. ಆಮೇಲೆ ಭೀಮ ಹಲಗೆ ಮುಟ್ಟಿದ. ಗಣಿತಕ್ಕೂ ಬುತ್ತಿಗೂ ಏನು ಸಂಬಂಧ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ನಮ್ಮ ಹತ್ತಿರ ಇಲ್ಲ.

ಮುಂದಿನ ಸಭೆಯಲ್ಲಿ ಸಮಾಂತರ ಶ್ರೇಢಿ ಹೇಳುವ ಸರದಿ ನಮ್ಮದು. ಹತ್ತನೆಯ ತರಗತಿಯ ಪಾಠ. ಒಂದೊಂದೇ ಸಮನಾಗಿ ಏರುವ ಇಳಿಯುವ ಸಂಖ್ಯೆಗಳನ್ನು ಕೂಡಿಸುವುದು. ಪುಸ್ತಕದಲ್ಲಿ ಮರದ ದಿಮ್ಮಿಗಳನ್ನು ಸಾಲಾಗಿ ಪೇರಿಸಿದ ಲೆಕ್ಕವಿದೆ. ನಾವು ದಿಮ್ಮಿ ಬಿಟ್ಟು ಅಡುಗೆಮನೆಗೆ ಹೋದೆವು. ಅಕ್ಕನ ಹತ್ತಿರ ಸಾಲದ ಕಾರ್ಡು ಇದೆ ಎಂದು ಮಗಳು ಹೇಳಿತ್ತು.

"ಯಕ್ಕಾ, ಆ ಕಾರ್ಡ್ ತಗೊಂಡು ಸ್ವಲ್ಪ ಒಳಗ ಬರ್ತಿ?"

"ನಾ ಯಾಕ್ರೀಯಪ್ಪ ಅಲ್ಲಿ? ಎಲ್ಲಾ ಸರಗೋಳು ಕುಂತಾರ."

ಬಂದರು, ಹೊಸ್ತಿಲ ಮೇಲೆ ನಿಂತರು, ಒಳಗೆ ಬರಲಿಲ್ಲ. ಊರಿಗೆ ಬರುವ ಫೈನಾನ್ಸಿನವನೊಬ್ಬ ಕೊಟ್ಟ ಸಾಲ 10,000. ಬಡ್ಡಿ ನೂರಕ್ಕೆ ಒಂದೇ ರೂಪಾಯಿ. ತಿಂಗಳಿಗೆ 1,100ರಂತೆ 10 ಕಂತು. ನಮ್ಮ ಸಭೆಯ ಮಾಸ್ತರರೆಲ್ಲ, ಲೆಕ್ಕದ ಮಾಸ್ತರರು, ಒಂದೇ ಬಾಯಲ್ಲಿ ಹೇಳಿದರು: "ಭಾಳ ಸೋವಿ ಅದ. ಸಾವ್ಕಾರಗಿಂತ ಪಾಡ."

ಅಕ್ಕ ಸೆರಗು ಸರಿಮಾಡಿಕೊಂಡು ಕೇಳಿದರು: "ನನಗ ಸಾಲಿ ಗೊತ್ತಿಲ್ರಿ. ಒಂದ್ ಮಾತು ಕೇಳ್ತೀನಿ. ಹ್ವಾದ ತಿಂಗಳ ಸಾವಿರ ತಿರುಗಿ ಕೊಟ್ಟೀನಿ. ಕೊಟ್ಟ ಸಾವಿರಕ್ಕೂ ಈ ತಿಂಗಳ ಮತ್ತ ಬಡ್ಡಿ ಹ್ಯಾಂಗ ಹತ್ತತದರಿ?"

ಕೋಣೆ ಸುಮ್ಮನಾಯಿತು. ಹಲಗೆಯ ಮೇಲೆ ಬರೆದೆವು. ಮೊದಲ ತಿಂಗಳು ಅಕ್ಕನ ಕೈಯಲ್ಲಿ ಅವರ ಹಣ 10,000. ಎರಡನೆಯ ತಿಂಗಳು 9,000. ಹೀಗೆ ಇಳಿದು ಹತ್ತನೆಯ ತಿಂಗಳು ಬರೀ 1,000. ಇದು ಸಮಾಂತರ ಶ್ರೇಢಿ. ಮೊದಲ ಪದ, ಕೊನೆಯ ಪದ ಕೂಡಿಸಿ, ಪದಗಳ ಸಂಖ್ಯೆಯ ಅರ್ಧದಿಂದ ಗುಣಿಸು: 5 ಸಲ 11,000, ಅಂದರೆ 55,000. ನೂರಕ್ಕೆ ಒಂದರಂತೆ ಬಡ್ಡಿ 550 ಆಗಬೇಕು. ತೆಗೆದುಕೊಳ್ಳುವುದು 1,000. ಹೇಳಿದ್ದು ನೂರಕ್ಕೆ ಒಂದು, ಬಿದ್ದದ್ದು ನೂರಕ್ಕೆ ಒಂದು ರೂಪಾಯಿ ಎಂಬತ್ತೊಂದು ಪೈಸೆಗೂ ಮೇಲೆ. ಕೊನೆಯ ತಿಂಗಳನ್ನಷ್ಟೇ ನೋಡಿದರೆ 1,000ಕ್ಕೆ 100, ನೂರಕ್ಕೆ ಹತ್ತು! ನಮ್ಮ ಅಪ್ಪನ ಧಣಿಯೂ ಅಷ್ಟು ಹಾಕಿರಲಿಲ್ಲ.

"ಅಂದ್ರ ನಾಕನೂರಾ ಐವತ್ತು ಹೆಚ್ಚಿಗಿ ಹೋಗ್ಯಾವ" ಎಂದರು ಅಕ್ಕ. ಹಲಗೆಯ ಕಡೆ ನೋಡಿ ಅಂದದ್ದಲ್ಲ, ಬೆರಳು ಮಡಚಿ ಅಂದದ್ದು.

2025ರ ಫೆಬ್ರುವರಿಯಲ್ಲಿ ಕಿರುಸಾಲದವರ ಬಲವಂತದ ವಸೂಲಿಗೆ ಕಡಿವಾಣ ಹಾಕಲು ಸರಕಾರ ಸುಗ್ರೀವಾಜ್ಞೆ ತಂದಿತು. ಮನೆ ಮುಂದೆ ಬಂದು ಕೂಡುವುದು, ಹೆದರಿಸುವುದು, ಸಾಮಾನು ಎಳೆಯುವುದು ಅಪರಾಧ ಅಂತ ಆಯಿತು. ಬರಬೇಕಾದ ಕಾನೂನು. ಆದರೆ ಕಾರ್ಡಿನ ಮೇಲಿನ 450ನ್ನು ಹುಡುಕಲು ಪೊಲೀಸರು ಬರುವುದಿಲ್ಲ, ಅದಕ್ಕೆ ಶ್ರೇಢಿಯೇ ಬೇಕು. ಆ ಶ್ರೇಢಿಯನ್ನು ನಾವು ಇಷ್ಟು ವರ್ಷ ನಾಲ್ಕು ಅಂಕದ ಪ್ರಶ್ನೆ ಎಂದು ಕಲಿಸಿದ್ದೇವೆ, ಬಾರದವರಿಗೆ ಬಿಟ್ಟುಬಿಡು ಎಂದಿದ್ದೇವೆ.

ಈ ಕೆಲಸ ನಾವೇ ಮೊದಲು ಮಾಡುತ್ತಿದ್ದೇವೆ ಎಂಬ ಜಂಬ ಬೇಡ. ಅಮೆರಿಕದಲ್ಲಿ ಬಾಬ್ ಮೋಸೆಸ್ ಎಂಬ ಕರಿಯ ಗಣಿತದ ಮಾಸ್ತರನಿದ್ದ. 1960ರ ದಶಕದ ಮೊದಲ ವರ್ಷಗಳಲ್ಲಿ ಮಿಸಿಸಿಪ್ಪಿಯಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಹಳ್ಳಿ ಹಳ್ಳಿ ತಿರುಗಿ ಪೆಟ್ಟು ತಿಂದವನು. 1982ರಲ್ಲಿ ಅವನೇ ಬಡ ಕರಿಯ ಮಕ್ಕಳಿಗೆ ಬೀಜಗಣಿತ ಕಲಿಸುವ ಆಲ್ಜಿಬ್ರಾ ಪ್ರಾಜೆಕ್ಟ್ ಶುರು ಮಾಡಿದ. ಓಟಿನ ಹಾಗೆ ಗಣಿತವೂ ನಾಗರಿಕ ಹಕ್ಕು ಎಂಬುದು ಅವನ ವಾದ. 2021ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ಬಿಡಲಿಲ್ಲ. ಅದೇ ದೇಶದಲ್ಲಿ ದುಡಿಯುವವರ ಮಕ್ಕಳು ಹೋಗುವ ಎರಡು ವರ್ಷದ ಸಮುದಾಯ ಕಾಲೇಜುಗಳಿವೆ. ಅವುಗಳ ಗಣಿತದ ಮಾಸ್ತರರು 1974ರಲ್ಲೇ ತಮ್ಮದೇ ಸಂಘ ಕಟ್ಟಿಕೊಂಡರು, ಸೀಮೆ ಸೀಮೆಗೆ ಸಭೆ ಸೇರುತ್ತಾರೆ. ಅಲ್ಲಿಯೂ ಎಷ್ಟೋ ಬಡ ಮಕ್ಕಳು ಗಣಿತ ದಾಟಲಾಗದೆ ಕಾಲೇಜು ಬಿಡುತ್ತಾರೆ. ಅಲ್ಲಿನ ಸಭೆಗಳಲ್ಲೂ ಯಾರಾದರೂ ಎದ್ದು 'ತಲೆ ಬೇಕು' ಅನ್ನುತ್ತಿರಬಹುದು.

ಅಷ್ಟು ದೂರ ಯಾಕೆ, ಒಂಬತ್ತನೆಯ ಶತಮಾನದಲ್ಲಿ, ನಮ್ಮ ಕಲಬುರಗಿ ಸೀಮೆಯ ಮಳಖೇಡದ ಅಮೋಘವರ್ಷನ ಕಾಲಕ್ಕೆ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಅಸಲು, ಬಡ್ಡಿ, ಕಾಲದ ಲೆಕ್ಕಗಳೂ ಇವೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಭಾಷಣಗಳಲ್ಲಿ ಈ ಹೆಸರು ಹೇಳಿ ಎದೆಯುಬ್ಬಿಸುತ್ತೇವೆ. ಸಾವಿರ ವರ್ಷದಿಂದ ಬಡ್ಡಿಯ ಗಣಿತ ಬಲ್ಲ ಸೀಮೆ ಇದು. ಬಡ್ಡಿ ಕಟ್ಟುವವನ ಕೇರಿಗೆ ಆ ಗಣಿತ ಬಂದಿರಲಿಲ್ಲ, ಅಷ್ಟೆ.

ಆ ದಿನದ ಸಭೆಯಲ್ಲಿ ಠರಾವು ಏನೂ ಆಗಲಿಲ್ಲ. ಪಠ್ಯ ಮುಗಿಸುವುದು ಬಿಟ್ಟು ಇದೇನು ಚಳವಳಿ ಎಂದು ಇಬ್ಬರು ಗೊಣಗಿದರು. ಅವರ ಮಾತಿನಲ್ಲೂ ಹುರುಳಿದೆ: ಹುಡುಗಿ ಮಾರ್ಚಿನಲ್ಲಿ ಬರೆಯಬೇಕಾದದ್ದು ಬೋರ್ಡಿನ ಪರೀಕ್ಷೆ, ಫೈನಾನ್ಸಿನವನ ಕಾರ್ಡಲ್ಲ. ಪಾಸಾಗದಿದ್ದರೆ ಅವಳ ಮುಂದಿನ ದಾರಿ ಹತ್ತಿ ಹೊಲಕ್ಕೋ ಬೆಂಗಳೂರಿನ ಕಟ್ಟಡಕ್ಕೋ. ಆದ್ದರಿಂದ ಪ್ಯಾಕೇಜನ್ನು ನಾವು ಹರಿದು ಎಸೆದಿಲ್ಲ. ರವಿವಾರ ಮುಂಜಾನೆ ದೊಡ್ಡಿಗಳಿಗೆ ಹೋಗಿ, ಗಿಡದ ಕೆಳಗೆ ಕಾರ್ಡುಗಳನ್ನು ಇಟ್ಟುಕೊಂಡು ಮಕ್ಕಳ ಕೈಯಿಂದಲೇ ಲೆಕ್ಕ ಮಾಡಿಸುತ್ತಿದ್ದೇವೆ, ಅದೇ ಲೆಕ್ಕವನ್ನು ಸೂತ್ರದಲ್ಲಿ ಬರೆಯಿಸುತ್ತಿದ್ದೇವೆ. ಈವರೆಗೆ ಹನ್ನೊಂದು ಕಾರ್ಡು ನೋಡಿದೆವು. ಎರಡರಲ್ಲಿ ನಾವೇ ತಪ್ಪು ಲೆಕ್ಕ ಮಾಡಿದ್ದೆವು, ಮಕ್ಕಳು ತಿದ್ದಿದರು.

ಸಭೆ ಮುಗಿದ ಮೇಲೆ ಆ ಹಿರಿಯ ಮಾಸ್ತರರು, ತಲೆ ಬೇಕು ಎಂದವರು, ಎಲ್ಲರೂ ಊಟಕ್ಕೆ ಎದ್ದಾಗ ಹಿಂದೆ ಉಳಿದರು. ಹಲಗೆಯ ಮೇಲಿದ್ದುದನ್ನು ಒಂದು ಹಾಳೆಗೆ ಇಳಿಸಿಕೊಳ್ಳುತ್ತಿದ್ದರು. ನಮ್ಮನ್ನು ಕಂಡು ದನಿ ತಗ್ಗಿಸಿ ಕೇಳಿದರು: "ಮಗಳ ಮದಿವಿಗಿ ಒಂದು ಕಡಿ ಸಾಲ ತಗೊಂಡೀನ್ರಿ. ಅದನ್ನೂ ಹೀಂಗ ನೋಡಬೌದೇನು?"

"ನೋಡಬೌದ್ರಿ ಸರ. ಕಂತಿನ ಕಾಗದ ತರ್ರಿ" ಎಂದೆವು.

ಹಾಳೆ ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ಚೀಲದಿಂದ ಬುತ್ತಿ ತೆಗೆದುಕೊಂಡು ಬೇವಿನ ಗಿಡದ ಕಡೆ ಹೋದರು. ಅಕ್ಕ ನಮಗೆ ಅನ್ನ ನೀಡಿದರು. ಸಂಜೆ ಒಂದೇ ಬಸ್ಸಿಗೆ ಎಲ್ಲರೂ ನಿಂತಿದ್ದೆವು.